ಜೋತಿಬಾನ ಬ್ರೇಕು

“ಇದನ್ನ ಬಿಚ್ಚಿ ಏನ ಮಾಡ್ತೀರಿ ಕಾಕಾ? ಹೊಸಾವು ಹಾಕ್ರಿ, ಚಿಂತಿ ಇಲ್ಲದ ಓಡಾಡ್ರಿ.”

ಯಡ್ರಾವದ ಬ್ರೇಕು ಮೇಸ್ತ್ರಿ ಶಾಂತಿನಾಥ ಗೋಣಿಚೀಲದಿಂದ ಸುರಿದ ಸಾಮಾನನ್ನು ಕಾಲಿನಿಂದಲೇ ಬದಿಗೆ ಸರಿಸಿದ. ಒಂದು ಮಾಸ್ಟರ್ ಸಿಲಿಂಡರು, ಗಾಲಿಗಳ ಸಿಲಿಂಡರುಗಳು, ಲೈನರುಗಳು. ಎಲ್ಲ ಹಳೇ ಕಾಲದ ಲಾರಿಯವು.

“ಹೊಸಾವು ಬ್ಯಾಡ,” ಎಂದ ಜೋತಿಬಾ. “ಬಿಚ್ಚಿ ನೋಡು.”

“ನೋಡೂದ ಏನೈತ್ರಿ? ಒಳಗಿನ ರಬ್ಬರ್ ಹೋಗಿರ್ತಾವ. ಮತ್ತ ರಬ್ಬರ್ ಹಾಕಿದ್ರ ನಾಕ ದಿವ್ಸ ನಡೀತೈತಿ, ಆಮ್ಯಾಲ ಸೋರಾಕ ಹತ್ತತೈತಿ.”

“ಹೋದ ದೀಪಾವಳಿಗಿ ಹಾಕ್ಸೀನಿ. ಅವು ಹೋಗ್ಯಾವೋ ಇಲ್ಲೋ, ಅಷ್ಟ ಹೇಳು ತಮ್ಮಾ.”

ಶಾಂತಿನಾಥ ನಕ್ಕ. ಇಂಥ ಜುಗ್ಗರನ್ನು ಅವನು ದಿನಾ ನೋಡುತ್ತಿದ್ದ. ಆದರೆ ಇಷ್ಟು ದೂರದಿಂದ ಬಂದ ಜುಗ್ಗ ಇವನೇ ಮೊದಲು. ನೇಸರಿಯಿಂದ ಗಡಹಿಂಗ್ಲಜ, ಅಲ್ಲಿಂದ ಇಚಲಕರಂಜಿ, ಅಲ್ಲಿಂದ ಇಲ್ಲಿಗೆ. ಬಸ್ಸು ಬದಲಿಸಿ ಬದಲಿಸಿ, ಮಣಭಾರದ ಚೀಲ ಹೊತ್ತುಕೊಂಡು. ದಾರಿಯಲ್ಲಿ ಗ್ಯಾರೇಜುಗಳಿಗೇನು ಬರವಿರಲಿಲ್ಲ. ಆದರೆ ಗಡಹಿಂಗ್ಲಜದ ಮೇಸ್ತ್ರಿಗಳೆಲ್ಲ ಜೋತಿಬಾನ ಗುರುತಿನವರು, ಮುಖ ನೋಡಿ ಮಾತಾಡುವವರು. ಅವನಿಗೆ ತನ್ನ ಗುರುತೇ ಇಲ್ಲದವನು ಬೇಕಾಗಿದ್ದ.

ಹೊರಗೆ ಬಾಕಿನ ಮೇಲೆ ಅವನ ಹೆಂಡತಿ ನಾಗೂಬಾಯಿ ಅಂಗಡಿಗೆ ಬೆನ್ನು ಹಾಕಿ ಕೂತಿದ್ದಳು. ಪಕ್ಕದ ಮಗ್ಗದ ಶೆಡ್ಡಿನ ಗದ್ದಲದಲ್ಲಿ ಒಳಗಿನ ಮಾತು ಅವಳಿಗೆ ಕೇಳುವಂತಿರಲಿಲ್ಲ. ದಾರಿಯುದ್ದಕ್ಕೂ ಅವಳು ತುಟಿಪಿಟಕ್ಕೆಂದಿರಲಿಲ್ಲ.

ಜಗಳ ಈ ಚೀಲದ್ದೇ. ಲಾರಿಯ ಬ್ರೇಕು ಮೆತ್ತಗಾದಾಗ ಎಲ್ಲ ಹೊಸದು ಹಾಕಿಸಿ ಎಂದವಳು ಅವಳು. ಹಳೇ ಕಬ್ಬಿಣಕ್ಕೆ ಸಾವಿಲ್ಲ, ಒಳಗಿನ ರಬ್ಬರು ಬದಲಿಸಿದರೆ ಸಾಕು ಎಂದವನು ಅವನು. ಅವನ ಮಾತೇ ನಡೆಯಿತು. ಕೆಲವೇ ತಿಂಗಳಲ್ಲಿ ಲಾರಿ ಮೂಲೆ ಸೇರಿತು. ಆವತ್ತಿನಿಂದ ಅವಳು ತಾಟಿಗೆ ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ಏನಾದರೂ ಹೇಳುವುದಿದ್ದರೆ ಗೋಡೆಗೆ ಹೇಳುತ್ತಾಳೆ.

ಊರಿನವರೂ ಅಷ್ಟೇ. ಕಟ್ಟೆಯ ಮೇಲೆ ಕೂತವರು ಅವನು ಹಾಯ್ದುಹೋಗುವಾಗ ಮಾತು ನಿಲ್ಲಿಸುತ್ತಿದ್ದರು. ಅವರು ಹಾಳಾಗಿ ಹೋಗಲಿ, ಅವನಿಗೆ ಅವಳೊಬ್ಬಳು ಬೇಕಿತ್ತು. ‘ರಿಪೇರಿ ಚಲೋ ಆಗಿತ್ತು’ ಎಂದು ಪರಊರಿನ ಮೇಸ್ತ್ರಿಯ ಬಾಯಿಂದ ಒಂದು ಮಾತು ಬಂದರೆ ಅವಳು ಮನಸ್ಸು ತಿರುಗಿಸಿಯಾಳು. ಅದಕ್ಕೇ ಗೋಗರೆದು ಅವಳನ್ನೂ ಕರೆತಂದಿದ್ದ.

ಶಾಂತಿನಾಥ ಬೇಸರದಿಂದಲೇ ಮಾಸ್ಟರ್ ಸಿಲಿಂಡರಿನ ಲಾಕು ಬಿಚ್ಚಿದ. ಪಿಸ್ಟನ್ ಹೊರಗೆಳೆದ. ರಬ್ಬರನ್ನು ಬೆರಳಲ್ಲಿ ಹಿಚುಕಿದ, ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ಕಣ್ಣು ಕಿರಿದು ಮಾಡಿದ. ಆಮೇಲೆ ಯಾರೂ ಹೇಳದೆಯೇ ಗಾಲಿಗಳ ಸಿಲಿಂಡರುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡ. ಅವನ ಮುಖದ ನಗು ಮಾಯವಾಗಿತ್ತು.

“ಯಾರ ಮಾಡ್ಯಾರ್ರಿ ಈ ಕೆಲಸಾ?”

“ಯಾಕ?”

“ಭಾಳ ಚಲೋ ಮಾಡ್ಯಾರ. ರಬ್ಬರ್ ಹೊಸಾವ ಇದ್ದಂಗ ಅದಾವು. ಒಳಗ ಒಂದ ಗೀರ ಇಲ್ಲ. ಲೈನರ್ ಅರ್ಧಾ ಸೈತ ಸವದಿಲ್ಲ. ಪೈಪ ಒಡದಿದ್ದುವೇನ?”

“ಇಲ್ಲ. ಅವನ್ನ ನಾನ ಕೈಯಾಡಿಸಿ ನೋಡೀನಿ.”

“ಹಂಗಾರ ನಿಮ್ಮ ಮಾತ ಖರೆ ಕಾಕಾ. ಹೊಸಾದರ ಗರಜ ಇಲ್ಲ.”

ಜೋತಿಬಾನ ಕಣ್ಣು ತುಂಬಿ ಬಂದವು. ಇಷ್ಟು ತಿಂಗಳು ಎದೆಯ ಮೇಲೆ ಕೂತಿದ್ದದ್ದು ಎದ್ದುಹೋದ ಹಾಗಾಯಿತು. ತಪ್ಪು ತನ್ನದಲ್ಲ. ಅವನು ಚೀಲವನ್ನೂ ಮರೆತು ಬಾಗಿಲಿಗೆ ಓಡಿದ, ಹೆಂಡತಿಯನ್ನು ಕೂಗಲು ಬಾಯಿ ತೆರೆದ.

ಹಿಂದಿನಿಂದ ಶಾಂತಿನಾಥ ಸಮಾಧಾನದ ದನಿಯಲ್ಲಿ ಹೇಳಿದ: “ತುಂಬಿದ ಲೋಡ್ ಇರಲಿ, ಇಳಕಲ ಇರಲಿ, ಇವು ಹಿಡದ ಹಿಡೀತಾವ್ರಿ. ಕಾಲ ಇಡೂದಷ್ಟ ಡ್ರೈವರನ ಕೆಲಸ.”

ಜೋತಿಬಾ ಹೊಸ್ತಿಲಲ್ಲೇ ನಿಂತುಬಿಟ್ಟ.

ತಪ್ಪು ತನ್ನದೋ ಅಲ್ಲವೋ ಎಂದು ಅವನು ಹಗಲೂ ರಾತ್ರಿ ಕೇಳಿಕೊಂಡಿದ್ದ. ತನ್ನದಲ್ಲದಿದ್ದರೆ ಮತ್ತೇನು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಆ ದಿನ ಬೆಲ್ಲ ತುಂಬಿದ ಲಾರಿ ತೆಗೆದುಕೊಂಡು ಹೋದವನು ಅವನ ಒಬ್ಬನೇ ಮಗ ಅಜಿಂಕ್ಯ. ಇಳಿಜಾರಿನ ತುದಿಯಲ್ಲಿ ಲಾರಿ ನಿಲ್ಲಿಸಿ ಹಮಾಲ ಗುರುಸಿದ್ದನನ್ನು ಕೆಳಗಿಳಿಸಿದ್ದ, ‘ನೀ ಬಸ್ಸಿಗೆ ಬಾ’ ಅಂದಿದ್ದ. ಗುರುಸಿದ್ದನ ದೈವ ದೊಡ್ಡದು ಎಂದು ಎಲ್ಲರೂ ಅಂದರು. ಇಳಿಜಾರಿನ ತುದಿಯಲ್ಲಿ ಲಾರಿ ನಿಂತಿತ್ತಲ್ಲ ಎಂದು ಯಾರೂ ಅನ್ನಲಿಲ್ಲ. ಮುಂದಿನ ತಿರುವಿನಲ್ಲಿ ಅದು ತಿರುಗಲೂ ಇಲ್ಲ, ನಿಲ್ಲಲೂ ಇಲ್ಲ; ನೇರ ಕಲ್ಲಿನ ಕ್ವಾರಿಗೆ ಬಿತ್ತು. ಬ್ರೇಕು ಕೈಕೊಟ್ಟಿತು, ಅಪ್ಪನ ಜುಗ್ಗತನ ಮಗನನ್ನು ತಿಂದಿತು ಎಂದರು.

ಅದಕ್ಕೂ ಮೊದಲು ಎಷ್ಟೋ ದಿನ ಅಜಿಂಕ್ಯ ಸರಿಯಾಗಿ ಊಟ ಮಾಡಿರಲಿಲ್ಲ. ಯಾಕೋ ಎಂದರೆ ಏನಿಲ್ಲಪ್ಪ ಅಂದಿದ್ದ. ಜೋತಿಬಾ ಮತ್ತೆ ಕೇಳಿರಲಿಲ್ಲ. ಇನ್ನು ಕೇಳುವಂತೆಯೂ ಇರಲಿಲ್ಲ.

ನಾಗೂಬಾಯಿ ಬಾಕಿನಿಂದ ಎದ್ದು ಹತ್ತಿರ ಬಂದಳು. ಗೋಡೆಯನ್ನಲ್ಲ, ಗಂಡನನ್ನೇ ನೋಡಿ ಕೇಳಿದಳು.

“ಏನಂದ್ರು?”

“ಕೆಟ್ಟಿದ್ದುವಂತ,” ಎಂದ ಜೋತಿಬಾ. “ತಪ್ಪ ನಂದ. ಅಜಿಂಕ್ಯಾ ಬ್ರೇಕ ತುಳದಿದ್ದ, ಅದ ಹಿಡೀಲಿಲ್ಲ.”