ಗುಡ್ಡದ ಕೆರೆಯ ಬಿಡಾರ

ಮೋಟಾರಿನ ತಗಡು ಬಾಗಿಲ ಮೇಲೆ ಮೂರು ಪೆಟ್ಟು ಬಿದ್ದವು. ಯಜ್ಞೇಶ್ವರರಾಯರು ತಟ್ಟನೆ ಎದ್ದು ಕುಳಿತು ಮೊದಲು ಹೆಂಡತಿಯ ಕಡೆ ನೋಡಿದರು. ತಾರಾಬಾಯಿ ಆಚೆ ಮಗ್ಗುಲಾಗಿ ಮಲಗಿದ್ದಳು, ಉಸಿರು ಸಮನಾಗಿತ್ತು. ನಿದ್ದೆಯೆಂದೇ ಅವರು ತಿಳಿದರು. ಸದ್ದಾಗದಂತೆ ಚಿಲಕ ಸರಿಸಿದರೆ, ಕಂಬಳಿ ಹೊದ್ದು ಕಂದೀಲು ಹಿಡಿದ ಶಿದ್ದಪ್ಪಗೌಡ ನಿಂತಿದ್ದಾನೆ.

"ರಾಯರ, ಬೆಳಕು ಹರಿಯೂದ್ರೊಳಗ ಮೋಟಾರು ಇಲ್ಲಿಂದ ತಗೀರಿ."

"ಯಾಕ್ರಿ ಗೌಡ್ರ, ಏನಾತು?"

"ಕಾರಣ ಕೇಳಬ್ಯಾಡ್ರಿ." ಅಷ್ಟೇ. ಕಂದೀಲು ಕೆರೆಯ ಏರಿ ಹಿಡಿದು ಊರ ಕಡೆಗೆ ಹೊರಟೇಹೋಯಿತು.

ಮೂರು ವಾರಗಳ ಹಿಂದೆ ಇದೇ ಗೌಡ ನಾಲ್ಕು ಎತ್ತು ಕಟ್ಟಿಸಿ ಈ ಮೋಟಾರನ್ನು ಗುಡ್ಡ ಹತ್ತಿಸಿದ್ದ. ಹುಬ್ಬಳ್ಳಿಯಲ್ಲಿ ಹರಾಜಿಗೆ ಬಂದ ಪ್ರಯಾಣಿಕರ ಹಳೆಯ ಸರ್ವಿಸ್ ಮೋಟಾರು ಅದು. ರಾಯರು ಅದರೊಳಗೆ ಜನ ಕೂರುವ ಬಾಕುಗಳನ್ನು ಕೀಳಿಸಿ, ಎರಡು ಮಂಚ ಹಾಕಿಸಿ, ಹಿಂದುಗಡೆ ಒಲೆಗೆ ಜಾಗ ಮಾಡಿಸಿ, ಗಾಲಿಗಳ ಮೇಲೊಂದು ಮನೆ ಕಟ್ಟಿಸಿದ್ದರು. ಬೇರೆ ದಾರಿ ಇರಲಿಲ್ಲ. ತಾರಾಬಾಯಿಗೆ ಕ್ಷಯ. ಮೂರು ತಿಂಗಳು ಎತ್ತರದ ಗಾಳಿಯಲ್ಲಿರಲಿ ಎಂದು ಡಾಕ್ಟರರು ಹೇಳಿದ್ದರು. ಆದರೆ ಕ್ಷಯದವಳಿಗೆ ಬಾಡಿಗೆಗೆ ಮನೆ ಕೊಡುವವರು ಯಾರು? ಧಾರವಾಡದ ಕೆಲಗೇರಿ ಕೆರೆಯ ದಂಡೆಗೆ ಹೋದರೆ ಹೆಜ್ಜೆಗೊಬ್ಬರು ಗುರುತಿನವರು. ಗುರುತಿಲ್ಲದ ಈ ಗುಡ್ಡದ ಮೇಲೆ "ಬಾಣಂತನದ ನಿಶ್ಶಕ್ತಿ" ಎಂಬ ಒಂದು ಮಾತು ಸಾಕಾಯಿತು. ಊರ ಹೆಂಗಸರು ಬೆಣ್ಣೆ ತಂದರು, ಬಿಸಿ ರೊಟ್ಟಿ ತಂದರು, ತಾರಕ್ಕ ಎಂದು ಕರೆದರು. ಹತ್ತು ದಿನಗಳಿಂದ ಸಂಜೆಯ ಜ್ವರ ಬಂದಿರಲಿಲ್ಲ. ಧಾರವಾಡದಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ವರ್ಷದ ಮಗಳು ತಾಯಿಯ ಕೈಗೆ ಮರಳುವಳೆಂದು ರಾಯರು ಮೊದಲ ಬಾರಿಗೆ ನಂಬತೊಡಗಿದ್ದರು.

ಅವರು ಮೋಟಾರಿನ ಕೆಳಗೆ ಮಲಗಿದ್ದ ಡ್ರೈವರ ಮಕಬೂಲಸಾಬನನ್ನು ಎಬ್ಬಿಸಿದರು. ಇಬ್ಬರೂ ಗೌಡನ ಬೆನ್ನುಹತ್ತಿ ಅವನ ಮನೆಯ ಕಟ್ಟೆಯನ್ನು ಮುಟ್ಟಿದರು.

"ಗೌಡ್ರ, ಆಕಿಗೆ ಇನ್ನೂ ಎರಡು ತಿಂಗಳು ಈ ಗಾಳಿ ಬೇಕಾಗೇದ. ನಮ್ಮಿಂದ ಏನು ತಪ್ಪಾತು, ಅದನ್ನರೆ ಹೇಳ್ರಿ."

ಗೌಡ ಕಂದೀಲನ್ನು ಕಟ್ಟೆಯ ಮೇಲಿಟ್ಟ. "ಬಾಣಂತನದ ನಿಶ್ಶಕ್ತಿ ಅಂದ್ರಿ. ನಾವು ನಂಬಿದ್ವಿ. ಆ ಕೆರಿ ಬಿಟ್ರ ಈ ಊರಿಗೆ ಬ್ಯಾರೆ ನೀರಿಲ್ರಿ, ರಾಯರ. ಅದರ ದಂಡ್ಯಾಗ ಕ್ಷಯದ ಬಟ್ಟಿ ಒಗಸಾಕತ್ತೀರಿ. ನಮ್ಮ ಹುಡುಗರು ಕುಡಿಯೂದು ಅದನ್ನ. ಈ ಸುದ್ದಿ ಇನ್ನೂ ನಮ್ಮ ಮನಿ ಬಾಗಲಾ ದಾಟಿಲ್ಲ. ನಾಳೆ ಊರಿಗೆ ಗೊತ್ತಾದ್ರ ಕಲ್ಲು ತೂರ್ತಾರ. ಹೆಣ್ಣಮಗಳ ಮ್ಯಾಲೆ ಕಲ್ಲು ಬೀಳಬಾರದಂತ ಹೊತ್ತಲ್ಲದ ಹೊತ್ತಿನ್ಯಾಗ ಬಂದೆ."

ರಾಯರು ಕೋರ್ಟು ಕಚೇರಿಯಲ್ಲಿ ತಾಸುಗಟ್ಟಲೆ ವಾದಿಸುತ್ತಿದ್ದ ವಕೀಲರು. ಗೌಡನ ಮಾತು ನಿಜವೆಂದು ಅವರಿಗೆ ತಿಳಿದಿತ್ತು. ಸೋತ ವಕೀಲನಿಗೆ ಅಪರಾಧಿಯಾದರೂ ಒಬ್ಬ ಬೇಕು. ಅವರು ಮಕಬೂಲಸಾಬನ ಕಡೆ ತಿರುಗಿದರು.

"ಹಾಲಿಗಂತ ದಿನಾ ಈ ಊರಾಗ ಬರಾಂವ ನೀ ಒಬ್ಬನ. ಯಾರ ಮುಂದೂ ಬಾಯಿ ಬಿಡೂದಿಲ್ಲಂತ ಆಣಿ ಮಾಡಿದ್ದಿ."

"ಬಿಟ್ಟಿಲ್ರಿ. ಅಕ್ಕಾರು ಹ್ಯಾಂಗದಾರಂತ ದಿನಾ ಕೇಳ್ತಾರ. ಛಲೋ ಅದಾರಂತ ಸುಳ್ಳು ಹೇಳಿ ಹೇಳಿ ನನ್ನ ನಾಲಿಗಿ ಸವದೈತಿ."

"ಹಂಗಾರ ಕೆರಿನಽ ಎದ್ದು ಬಂದು ಇವರಿಗೆ ಹೇಳಿತೇನು?"

ಮಕಬೂಲಸಾಬ ರಾಯರ ಅನ್ನ ಉಂಡು ಹನ್ನೊಂದು ವರ್ಷವಾಗಿತ್ತು. "ಅಕ್ಕಾರನ್ನ ಧಾರವಾಡಕ್ಕ ಮುಟ್ಟಿಸೂದು ನನ್ನ ಧರ್ಮರಿ. ಮುಟ್ಟಿಸ್ತೇನಿ. ಆಮ್ಯಾಲೆ ನೀವು ಬ್ಯಾರೆ ಡ್ರೈವರನ್ನ ನೋಡಿಕೊಳ್ರಿ," ಎಂದು ಕಟ್ಟೆ ಇಳಿದ. ಗೌಡ ಏನೋ ಹೇಳಹೊರಟು, ಮಾತು ಕೊಟ್ಟವನ ಹಾಗೆ ತುಟಿ ಬಿಗಿದ.

ಆಗ ಅರೆತೆರೆದ ಬಾಗಿಲಲ್ಲಿ ಗೌಡನ ಸೊಸೆ ರತ್ನವ್ವ ಕಾಣಿಸಿದಳು. ಹೆಗಲ ಮೇಲೆ ಕೂಸು ಮಲಗಿತ್ತು.

"ಆ ಸಾಬನ್ನ ಯಾಕ ಬೈತೀರಿ, ರಾಯರ? ಅಂವ ಏನೂ ಹೇಳಿಲ್ಲ."

"ಒಳಗ ನಡಿ, ರತ್ನವ್ವ," ಎಂದ ಗೌಡ.

"ಇಲ್ಲ ಮಾವಾರ. ಹೇಳಬ್ಯಾಡಂತ ನನ್ನ ಕಡಿಂದನೂ ಮಾತು ತಗೊಂಡಾರ ಖರೇ. ಆದ್ರ ಬಡವನ ಅನ್ನ ಹೋಗತೈತಂತ ಅವರಿಗೇನು ಗೊತ್ತಿತ್ತು?" ಅವಳು ಸೆರಗಿನಿಂದ ಕೂಸಿನ ಬೆನ್ನು ಮುಚ್ಚಿದಳು. "ಸಂಜಿಮುಂದ ಬೆಣ್ಣಿ ಕೊಡಾಕ ಹೋಗಿದ್ದೆ. ಆಡಿಸ್ತಾರಂತ ಕೂಸಿನ್ನ ಉಡ್ಯಾಗ ಹಾಕಾಕ ಬಗ್ಗಿದೆ. ಎರಡೂ ಕೈ ಬೆನ್ನಿನ ಹಿಂದ ಕಟಿಗೊಂಡು ಹಿಂದಕ್ಕ ಸರದ್ರು. ಅಲ್ಲೇ ದೂರ ನಿಂತು ಎಲ್ಲಾ ಹೇಳಿದ್ರು. ಕೂಸಿನ್ನ ನೋಡಿಕೋತ ಹೇಳಿದ್ರು."

ಸಾಕ್ಷಿಗೆ ಕೊನೆಯ ಪ್ರಶ್ನೆ ಹಾಕುವ ವಕೀಲನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಆದರೂ ಯಜ್ಞೇಶ್ವರರಾಯರು ಕೇಳಿದರು:

"ಯಾರು?"

"ತಾರಕ್ಕ."