ಅವ್ವ ಏಳುವ ಹೊತ್ತು

ಗದಗಿನ ಮನೆಮನೆಯಲ್ಲೂ ತೀರಿಕೊಂಡವರು ಬೆಳಗಿನ ಚಹಾದ ಹೊತ್ತಿಗೆ ಕಂಪ್ಯೂಟರಿನೊಳಗೆ ಅವರಿಗೆಂದೇ ಕಟ್ಟಿದ ವರ್ಚುವಲ್ ಮಷೀನಿನಲ್ಲಿ ಎದ್ದು ಕೂರುತ್ತಿದ್ದರು. ಪಕ್ಕದ ಮನೆಯ ಅಜ್ಜ ಗುಂಡಿ ಒತ್ತಿದ ಕೂಡಲೇ ಕೆಮ್ಮುತ್ತಿದ್ದ. ಕಾಶವ್ವನ ಅವ್ವ ಮಾತ್ರ ಮಗಳು ಬುಟ್ಟಿ ತುಂಬ ರೊಟ್ಟಿ ಬಡಿದು ಮುಗಿಸಿದರೂ ಏಳುತ್ತಿರಲಿಲ್ಲ. ಮೆಮೊರಿ ಹೆಚ್ಚಿಸಿದ್ದಾಯಿತು, ಹೊಸ ಡಿಸ್ಕ್ ಹಾಕಿಸಿದ್ದಾಯಿತು. ಕಡೆಗೆ ಬೇಸತ್ತು ಕಾಶವ್ವ ರಿಪೇರಿಯ ಮೌನೇಶನನ್ನು ಕರೆಸಿದಳು.

ಅವನು ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟ. "ತಡಾ ಆಗೂದು ಇಲ್ಲೇ ನೋಡ್ರೀ. ಏಳೂ ಮೊದ್ಲ ನಿಮ್ಮವ್ವ ಮನಿ ಮಂದೀನೆಲ್ಲಾ ಕರೀತಾರ. ಈರಣ್ಣಾ ಅಂತ ಕರದು, ಓ ಅಂತಾರೇನಂತ ಭಾಳ ಹೊತ್ತು ಕಾದು, ಆಮ್ಯಾಲೇ ಏಳ್ತಾರ. ಯಾರ್ರೀ ಅವ್ರು?"

"ನಮ್ಮಣ್ಣ. ಲಾರಿ ಹತ್ತಿ ಹೋದಾವ ತಿರುಗಿ ಬರ್ಲೇ ಇಲ್ಲ."

"ಹಂಗಾರ ಆ ಹೆಸರು ತಗದ ಬಿಡ್ತೀನಿ. ಕಣ್ಣು ಪಿಳುಕಿಸೂದ್ರಾಗ ಏಳ್ತಾರ."

ಕಾಶವ್ವ ಹಿಟ್ಟಿನ ಕೈಯಲ್ಲೇ ಅವನ ಕೈ ಹಿಡಿದಳು. ಅಣ್ಣನನ್ನು ಪೊಲೀಸರು ಮರೆತಿದ್ದರು, ಓಣಿಯೂ ಮರೆತಿತ್ತು. ಇತ್ತೀಚೆಗೆ ಅವಳೂ ಅವನ ಹೆಸರೆತ್ತುವುದನ್ನು ಬಿಟ್ಟಿದ್ದಳು.

"ಮುಟ್ಟಬ್ಯಾಡ!"

"ಹಿಂಗ ಕಾದು ಕಾದು ಮಷೀನು ಒಂದಿನ ಪೂರಾ ನಿಂತ ಹೋಗಬಹುದ್ರೀ ಅಕ್ಕಾರ."

"ನಿಲ್ಲಲಿ. ಮಗನ್ನ ಮರತು ಲಗೂನ ಏಳೂ ಅವ್ವ ನನಗ ಬ್ಯಾಡ."

ಅಷ್ಟರಲ್ಲಿ ಪರದೆ ಬೆಳಗಿತು. ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಕೇಳಿದಳು: "ಕಾಶೀ, ಈರಣ್ಣ ಬಂದನೇನ?"

"ಇನ್ನೂ ಇಲ್ಲವ್ವಾ." ಕಾಶವ್ವ ಮೌನೇಶನನ್ನೇ ದಿಟ್ಟಿಸುತ್ತ ಬುಟ್ಟಿಯಿಂದ ಎರಡು ಬಿಸಿ ರೊಟ್ಟಿ ತೆಗೆದು, ಬೇರೆ ತಾಟಿಗೆ ಹಾಕಿ ಮುಚ್ಚಿದಳು. "ಅವನ ಪಾಲಿಂದು ತಗದಿಟ್ಟೀನಿ."