ದಾರಿ ಬಿಡದ ಪೆಂಗ್ವಿನ್

ಮಂಜು ಒಂದಿಷ್ಟು ಸರಿದಾಗ ಹೋರೇಸ್‌ಗೆ ಮೊದಲು ಕಂಡದ್ದು ಕೆಂಪು ಹಲಗೆ. ಅದೂ ಅದರ ಹಿಂಬದಿ. ಮುಂಬದಿಯಲ್ಲಿ 'ನೆಲದಲ್ಲಿ ಬಾಂಬುಗಳಿವೆ, ದಾಟಬೇಡಿ' ಎಂದು ಬರೆದಿರುವುದು ಫಾಕ್‌ಲ್ಯಾಂಡ್ ದ್ವೀಪದ ಹಸುಗೂಸಿಗೂ ಗೊತ್ತು. ಹಿಂಬದಿಯನ್ನು ನೋಡಿದ ಊರಿನವರು ಮಾತ್ರ ಯಾರೂ ಇರಲಿಲ್ಲ. ಅಂದರೆ ತಾನು ಬೇಲಿಯ ಒಳಗಿದ್ದೇನೆ!

ತಪ್ಪಿಸಿಕೊಂಡ ಟಗರನ್ನು ಹುಡುಕಲು ಹೊರಟವನನ್ನು ಗುಡ್ಡದ ಮೇಲೆ ಮಂಜು ಮುತ್ತಿಕೊಂಡಿತ್ತು. ಮಂಜು ಕವಿದರೆ ಪೆಂಗ್ವಿನ್ ದಾರಿ ಹಿಡಿ, ಅದು ಕಡಲಿಗೆ ಮುಟ್ಟಿಸದೆ ಬಿಡುವುದಿಲ್ಲ, ಕಡಲು ಸಿಕ್ಕರೆ ಮನೆ ಸಿಕ್ಕ ಹಾಗೆ. ಇದು ಅವನಪ್ಪ ಹೇಳಿಕೊಟ್ಟದ್ದು, ಅಪ್ಪನಿಗೆ ಅಜ್ಜ ಹೇಳಿಕೊಟ್ಟದ್ದು. ಗೂಡಿನಿಂದ ನೀರಿಗೆ ತಲೆತಲಾಂತರದಿಂದ ಒಂದೇ ದಾರಿಯಲ್ಲಿ ನಡೆದು ಪೆಂಗ್ವಿನ್‌ಗಳು ನೆಲವನ್ನು ಸವೆಸಿಟ್ಟಿರುತ್ತವೆ. ಆ ದಾರಿ ನಂಬಿಕೊಂಡು ಹೋರೇಸ್ ನಿಶ್ಚಿಂತೆಯಿಂದ ಇಳಿದಿದ್ದ. ಮನುಷ್ಯರು ಯುದ್ಧ ಮಾಡಿ, ಬಾಂಬು ಹೂತು, ಬೇಲಿ ಹಾಕಿಕೊಂಡರೆಂದು ಪೆಂಗ್ವಿನ್‌ಗಳೇನೂ ತಮ್ಮ ದಾರಿ ಬದಲಿಸಿರಲಿಲ್ಲ. ಬೇಲಿಯ ತಂತಿ ಅಲ್ಲಿ ಮರಳಿನಡಿ ಮುಚ್ಚಿಹೋಗಿತ್ತು, ಬೂಟುಗಾಲಿಗೆ ಅದು ತಿಳಿಯಲೇ ಇಲ್ಲ.

ಅವನು ನಿಂತದ್ದಾದರೂ ಒಂದು ಪೆಂಗ್ವಿನ್ ದೆಸೆಯಿಂದ. ಗರಿ ಉದುರಿಸುತ್ತಿದ್ದ ಹಕ್ಕಿಯೊಂದು ದಾರಿಯ ನಟ್ಟನಡುವೆ ನಿಂತುಬಿಟ್ಟಿತ್ತು. ಹಳೇ ಗರಿಯೆಲ್ಲ ಉದುರಿ ಹೊಸದು ಬರುವ ತನಕ ಅದು ನೀರಿಗಿಳಿಯುವಂತಿಲ್ಲ, ನೀರಿಗಿಳಿಯದೆ ಹೊಟ್ಟೆಗಿಲ್ಲ. ವಾರಗಟ್ಟಲೆ ಉಪವಾಸ, ಹರಿದ ಹಾಸಿಗೆಯಿಂದ ಹತ್ತಿ ಹೊರಬಂದಂಥ ಮೈ, ಮೂಗಿನ ತುದಿಯಲ್ಲೇ ಸಿಟ್ಟು. ಅಂಥದ್ದನ್ನು ಓಡಾಡಿಸಿದರೆ ಮೈಯಲ್ಲಿರುವ ಇಷ್ಟು ಕೊಬ್ಬೂ ಕರಗಿ ಸತ್ತೇ ಹೋಗುತ್ತದೆ. ಹಾಗಾಗಿ ಬಾಣಂತಿಯ ಕೋಣೆಗೆ ಯಾರೂ ನುಗ್ಗದ ಹಾಗೆ, ಗರಿ ಉದುರಿಸುವ ಪೆಂಗ್ವಿನ್ನನ್ನು ಇಲ್ಲಿ ಯಾರೂ ಕದಲಿಸುವುದಿಲ್ಲ. ಎಡಕ್ಕೆ ಬಳಸಿ ಹೋಗಲೋ ಬಲಕ್ಕೋ ಎಂದು ಹೋರೇಸ್ ಯೋಚಿಸುತ್ತಿದ್ದಾಗಲೇ ಮಂಜು ಸರಿದದ್ದು.

"ಹೋರೇಸ್! ಎಲ್ಲಿ ಹಾಳಾಗಿ ಹೋದೆ ಮಾರಾಯಾ? ಟಗರು ಆಗ್ಲೇ ಮನೆಗೆ ಬಂತು, ನೀನೇ ಬರ್ಲಿಲ್ಲ!" ಬೇಲಿಯಾಚೆ ಹೆಂಡತಿ ಮ್ಯೂರಿಯಲ್ ಜೀಪಿನಿಂದಿಳಿದು ಕೂಗಿದಳು.

"ಅಲ್ಲೇ ನಿಂತ್ಕೋ! ನಾನು ಬೇಲಿ ಒಳಗಿದೀನಿ!"

"ಯಾವ ಬೇಲಿ?"

"ಅದೇ ಬೇಲಿ ಕಣೇ."

ಮ್ಯೂರಿಯಲ್ ಜೀಪಿಗೆ ಓಡಿ ರೇಡಿಯೋದಲ್ಲಿ ಮಾತಾಡಿ ಏದುಸಿರು ಬಿಡುತ್ತ ಮರಳಿದಳು.

"ಸೈನ್ಯದವರು ಹೊರಟಿದಾರೆ. ಅಲ್ಲಾಡ್ಬೇಡ. ಕೆಮ್ಮಲೂಬೇಡ."

"ರೇಡಿಯೋದಲ್ಲಿ ಏನಂದೆ?"

"ನನ್ನ ಗಂಡ ಪೆಂಗ್ವಿನ್ ಹಿಂದೆ ಹೋಗಿ ಬಾಂಬಿನ ಮಧ್ಯೆ ನಿಂತಿದಾನೆ ಅಂದೆ. ಇನ್ನೇನನ್ಲಿ?"

"ಅಯ್ಯೋ, ಇಡೀ ದ್ವೀಪ ಕೇಳಿಸ್ಕೊಂಡಿರತ್ತೆ!"

"ಕೇಳಿಸ್ಕೊಳ್ಲಿ. ಮೊದಲು ಜೀವ, ಮಾನ ಆಮೇಲೆ." ಗದರುವ ದನಿಯೇ ಆದರೂ ಅದು ನಡುಗುತ್ತಿತ್ತು. ಅದನ್ನು ಕೇಳಿ ಹೋರೇಸ್‌ಗೆ ತನ್ನ ಜೀವಕ್ಕಿಂತ ಅವಳ ಮೇಲೆಯೇ ಹೆಚ್ಚು ಮರುಕವಾಯಿತು. ಅಷ್ಟರಲ್ಲಿ ಕಡಲಿಂದ ಹೊಟ್ಟೆಗೆ ಮೀನು ತುಂಬಿಕೊಂಡ ಪೆಂಗ್ವಿನ್‌ಗಳ ಸಾಲು ಮೇಲೇರಿ ಬಂತು. ಇದ್ಯಾವ ಹೊಸ ಕಂಬ ಎಂಬಂತೆ ಅವನನ್ನು ನೋಡಿ, ಎರಡೂ ಬದಿಗೆ ಕವಲೊಡೆದು ಸಾಗಿದವು. ಒಂದು ಅವನ ಪ್ಯಾಂಟನ್ನು ಕುಟುಕಿಯೂ ನೋಡಿತು. ಒದೆಯೋಣವೆಂದರೆ ಕಾಲೆತ್ತುವ ಹಾಗಿಲ್ಲ!

ಸೈನ್ಯದ ಸಾರ್ಜೆಂಟ್ ಪೈಕ್ ಬೇಲಿಯಿಂದ ನೆಲಕ್ಕೆ ಬಾಂಬು ಪತ್ತೆಯ ಯಂತ್ರ ಹಿಡಿದು, ಗೇಣುಗೇಣಾಗಿ ತಡಕಿ ಅವನನ್ನು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. "ನನ್ನ ಹಿಂದೇನೇ ಬನ್ನಿ, ನಾನಿಟ್ಟ ಹೆಜ್ಜೆ ಮೇಲೇ," ಎಂದ. ಹೋರೇಸ್ ಬಂದ. ಜೀವಮಾನದಲ್ಲಿ ಯಾರ ಮಾತನ್ನೂ ಅವನು ಅಷ್ಟು ಚಾಚೂ ತಪ್ಪದೆ ಕೇಳಿದವನಲ್ಲ.

ತಂತಿ ದಾಟಿದ ಕೂಡಲೇ ಮ್ಯೂರಿಯಲ್ ಅವನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಅದೇ ಬೆನ್ನನ್ನು ತಬ್ಬಿಕೊಂಡು ಹೋ ಎಂದು ಅತ್ತಳು. ಹೋರೇಸ್‌ಗೆ ಅಳು ಬರಲಿಲ್ಲ, ನಗು ಬಂತು. ನಕ್ಕೂ ನಕ್ಕೂ ಹುಲ್ಲಿನ ಮೇಲೆ ಕೂತುಬಿಟ್ಟ. ಜೀಪಿನಿಂದ ತಂದ ಚಹಾ ಪೂರಾ ಆರಿತ್ತು, ನಗುವಿನ ನಡುವೆ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಉಳಿದರ್ಧ ಅಮೃತದಂತಿತ್ತು. ಅಬ್ಬಾ, ಬದುಕಿದೆಯಾ ಬಡಜೀವವೇ! ಗಾಳಿ, ಕುರಿಗಳ ಕೂಗು, ಹೆಂಡತಿಯ ಬೈಗುಳ, ಎಲ್ಲವೂ ಇನ್ನೂ ತನ್ನವೇ.

ಸುತ್ತಲ ನೆಲ ತಡಕಲು ಮತ್ತೊಮ್ಮೆ ಒಳಗೆ ಹೋಗಿದ್ದ ಪೈಕ್ ಬೆವರು ಒರೆಸಿಕೊಳ್ಳುತ್ತ ಬಂದ.

"ನೀವು ಅಲ್ಲಿ ಯಾಕೆ ನಿಂತಿದ್ರಿ?"

"ಗರಿ ಉದುರಿಸ್ತಿರೋ ಹಕ್ಕಿ ದಾರೀಲಿತ್ತಲ್ಲ. ನೂಕ್ಕೊಂಡು ಹೋಗಕ್ಕಾಗತ್ತಾ?"

"ನೂಕಿದ್ರೆ ನಿಮ್ಮ ಮುಂದಿನ ಹೆಜ್ಜೆ ನೇರ ಬಾಂಬಿನ ಮೇಲೆ. ಆ ಹಕ್ಕಿ ನಿಂತಿರೋದೇ ಅದರ ಮೇಲೆ."

ಹೋರೇಸ್ ಲೋಟ ಕೆಳಗಿಟ್ಟ. ಮೂವರೂ ಬೇಲಿಯಾಚೆ ನೋಡಿದರು.

"ಇವತ್ತೇ ಅದನ್ನ ಸಿಡಿಸಿಬಿಡ್ತೀವಿ," ಎಂದ ಪೈಕ್. "ಹಕ್ಕಿನ ಉದ್ದದೊಂದು ಕೋಲಲ್ಲಿ ಆ ಕಡೆ ಓಡಿಸಿದ್ರಾಯ್ತು."

"ಕೋಲು ಮುಟ್ಸಿ ನೋಡು, ಗೊತ್ತಾಗತ್ತೆ!" ಮ್ಯೂರಿಯಲ್ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಹೊಸ ಗರಿ ಬರ್ಲಿ, ಅದೇ ಎದ್ದು ಹೋಗತ್ತೆ. ಆಮೇಲೆ ಏನ್ ಬೇಕಾದ್ರೂ ಸಿಡಿಸ್ಕೋ."

"ಅಲ್ಲಮ್ಮಾ, ಅದು ಬಾಂಬಿನ ಮೇಲೆ ನಿಂತಿದೆ!"

"ನಿಂತ್ಕೊಳ್ಲಿ ಬಿಡಪ್ಪ. ಅದಕ್ಕೇನೂ ಆಗಲ್ಲ. ಆ ಬಾಂಬು ಮಾಡಿರೋದು ಮನುಷ್ಯರ ತೂಕ ನೋಡಿ."